ಬೆಂಟಿಂಕನ ಪಶ್ಚಾತ್ತಾಪ ಮತ್ತು ನಮ್ಮ ‘ತಾತ್ಕಾಲಿಕ’ ಆಡಳಿತಗಳು

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ತಪ್ಪದೆ ಬರುತ್ತಿದ್ದ ಒಂದು ಪ್ರಶ್ನೆಯಿತ್ತು: ‘ಲಾರ್ಡ್ ವಿಲಿಯಂ ಬೆಂಟಿಂಕನ ಸುಧಾರಣೆಗಳನ್ನು ವಿವರಿಸಿ.’ ನಾಲ್ಕು ಅಂಕ. ಸತಿ ಪದ್ಧತಿಯ ನಿಷೇಧ, ಥಗ್ಗರ ದಮನ, ಇಂಗ್ಲಿಷ್ ಶಿಕ್ಷಣ, ಹಣಕಾಸಿನ ಮಿತವ್ಯಯ ಎಂದು ಒಂದೊಂದಕ್ಕೆ ಒಂದೊಂದು ಅಂಕದ ಲೆಕ್ಕದಲ್ಲಿ ಬರೆದು ಮುಗಿಸುತ್ತಿದ್ದೆವು. ಅದೇ ಪಠ್ಯಪುಸ್ತಕದಲ್ಲಿ, ಬೇರೊಂದು ಅಧ್ಯಾಯದಲ್ಲಿ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು ಎಂಬ ಸಾಲೂ ಇತ್ತು. ಆ ಸಾಲಿನಲ್ಲಿದ್ದ ‘ಬ್ರಿಟಿಷರು’ ಮತ್ತು ಈ ಪ್ರಶ್ನೆಯಲ್ಲಿದ್ದ ಸುಧಾರಕ ಒಬ್ಬನೇ ಮನುಷ್ಯನೆಂಬುದು ನಮಗಾರಿಗೂ ಹೊಳೆಯಲಿಲ್ಲ; ಪಾಠ ಹೇಳಿದವರೂ ಆ ಮಾತನ್ನು ಎತ್ತಲಿಲ್ಲ. ಕನ್ನಡ ನಾಡಿನ ಎರಡು ರಾಜ್ಯಗಳ ಹಣೆಬರಹವನ್ನು ಮೂರು ವರ್ಷಗಳ ಅಂತರದಲ್ಲಿ ಬದಲಿಸಿದವನು ನಮ್ಮ ಪಾಲಿಗೆ ಬಂಗಾಳದ ಒಬ್ಬ ಸತ್ಪುರುಷನಾಗಿಯೇ ಉಳಿದುಬಿಟ್ಟ.

ಈಚೆಗೆ ಮೈಸೂರಿನ ಕಮಿಷನರುಗಳ ಆಡಳಿತದ ಬಗ್ಗೆ ಓದುತ್ತಿದ್ದಾಗ ಬೆಂಟಿಂಕನ ಜೀವನವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೋಡಬೇಕೆನಿಸಿತು. ನೋಡಿದ ಮೇಲೆ ಅದು ನಾಲ್ಕು ಅಂಕಗಳಲ್ಲಿ ಮುಗಿಯುವ ಕಥೆಯಲ್ಲವೆಂದು ಅನ್ನಿಸಿದೆ. ಮೇಲಾಗಿ, ದೂರದಲ್ಲಿ ಕುಳಿತು, ಬೇರೊಬ್ಬರ ವರದಿಯನ್ನು ನಂಬಿ, ಒಂದು ನಾಡಿನ ಆಡಳಿತವನ್ನು ‘ಸದ್ಯಕ್ಕೆ’ ಎಂದು ಕೈಗೆತ್ತಿಕೊಳ್ಳುವವರ ಕುರಿತು ನಮ್ಮ ಕಾಲಕ್ಕೂ ಅದು ಏನನ್ನೋ ಹೇಳುತ್ತದೆ.

ಬೆಂಟಿಂಕ್ ಹುಟ್ಟಿದ್ದು 1774ರ ಸೆಪ್ಟೆಂಬರ್ 14ರಂದು, ಪೋರ್ಟ್‌ಲೆಂಡಿನ ಮೂರನೆಯ ಡ್ಯೂಕನ ಎರಡನೆಯ ಮಗನಾಗಿ. ತಂದೆ ಎರಡು ಬಾರಿ ಇಂಗ್ಲೆಂಡಿನ ಪ್ರಧಾನಮಂತ್ರಿಯಾದವನು. ಅಂದಿನ ಇಂಗ್ಲೆಂಡಿನಲ್ಲಿ ಶ್ರೀಮಂತ ಮನೆತನದ ಹಿರಿಯ ಮಗನಿಗೆ ಆಸ್ತಿ ಮತ್ತು ಪದವಿ, ಕಿರಿಯರಿಗೆ ಸೈನ್ಯವೋ ಚರ್ಚೋ ಪಾರ್ಲಿಮೆಂಟೋ ಎಂಬುದು ರೂಢಿ. ಬೆಂಟಿಂಕನಿಗೆ ಸೈನ್ಯ, ಪಾರ್ಲಿಮೆಂಟು ಎರಡೂ ದಕ್ಕಿದವು. 1791ರಲ್ಲಿ ಹದಿನಾರರ ಹುಡುಗ ಹಣ ಕೊಟ್ಟು ಸೈನ್ಯಾಧಿಕಾರಿಯ ಹುದ್ದೆಯನ್ನು ಕೊಂಡ. ಆಗ ಹುದ್ದೆಗಳನ್ನು ಕೊಳ್ಳುವುದು ಕಾನೂನಿಗೆ ವಿರುದ್ಧವಾಗಿರಲಿಲ್ಲ. ಇಪ್ಪತ್ತೆರಡು ತುಂಬುವ ಮೊದಲೇ, 1796ರಲ್ಲಿ, ಪಾರ್ಲಿಮೆಂಟಿನ ಸದಸ್ಯನೂ ಆದ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ರಷ್ಯನ್ ಸೇನಾನಿ ಸುವೊರೊವ್‌ನ ಪಾಳೆಯದಲ್ಲಿದ್ದು ಉತ್ತರ ಇಟಲಿಯನ್ನು ಕಂಡ. 1803ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಮದರಾಸಿನ ಗವರ್ನರ್ ಆಗಿ ಬಂದಿಳಿದ. ಭಾರತದ ಅನುಭವ ಅವನಿಗೆ ಏನೇನೂ ಇರಲಿಲ್ಲ. ಅದನ್ನು ಅಂದು ಯಾರೂ ಕೊರತೆಯೆಂದು ಭಾವಿಸಲಿಲ್ಲ.

ಮದರಾಸಿನಲ್ಲಿ ಅವನ ಬದುಕಿನ ಮೊದಲ ದೊಡ್ಡ ಪೆಟ್ಟು ಬಿತ್ತು. ಸೇನಾಪತಿ ಸರ್ ಜಾನ್ ಕ್ರಾಡಕ್‌ನ ಕಚೇರಿಯಿಂದ ಸಿಪಾಯಿಗಳಿಗೆ ಹೊಸ ನಿಯಮಗಳು ಹೊರಟವು. ಸಮವಸ್ತ್ರದಲ್ಲಿರುವಾಗ ಹಣೆಯ ಮೇಲೆ ನಾಮ, ವಿಭೂತಿ ಇರಕೂಡದು; ಗಡ್ಡ ಬೋಳಿಸಬೇಕು; ಹೊಸ ಬಗೆಯ ಪೇಟ ತೊಡಬೇಕು. ಆ ಪೇಟಕ್ಕೆ ಚರ್ಮದ ಅಲಂಕಾರವಿತ್ತು. ಅದು ಪರಂಗಿಗಳ ಟೋಪಿಯಂತೆಯೇ ಕಾಣುತ್ತದೆ, ತಮ್ಮನ್ನು ಕಿರಿಸ್ತಾನರನ್ನಾಗಿ ಮಾಡುವ ಮೊದಲ ಮೆಟ್ಟಿಲು ಇದು ಎಂಬ ಸಂಶಯ ಸಿಪಾಯಿಗಳಲ್ಲಿ ಹಬ್ಬಿತು. ಗವರ್ನರ್ ಆ ನಿಯಮಗಳನ್ನು ಆಳವಾಗಿ ವಿಚಾರಿಸಿ ನೋಡಲಿಲ್ಲ. ಅಸಮಾಧಾನದ ಸುದ್ದಿ ಕಿವಿಗೆ ಬಿದ್ದಾಗಲೂ ಹಿಂತೆಗೆದುಕೊಳ್ಳಲಿಲ್ಲ. ಇದೇ ವೇಳೆ ವೆಲ್ಲೂರಿನ ಕೋಟೆಯಲ್ಲಿ ಟೀಪೂ ಸುಲ್ತಾನನ ಮಕ್ಕಳನ್ನು ಇರಿಸಲಾಗಿತ್ತು. 1806ರ ಜುಲೈ 10ರ ಬೆಳಗಿನ ಜಾವ ಆ ಕೋಟೆಯ ಸಿಪಾಯಿಗಳು ದಂಗೆ ಎದ್ದರು, ನೂರಕ್ಕೂ ಹೆಚ್ಚು ಯೂರೋಪಿಯನ್ನರನ್ನು ಕೊಂದರು, ಟೀಪೂವಿನ ಬಾವುಟ ಏರಿಸಿದರು. ಆರ್ಕಾಟಿನಿಂದ ಕುದುರೆಪಡೆಯೊಂದಿಗೆ ಧಾವಿಸಿದ ಗಿಲೆಸ್ಪಿ ಅದೇ ದಿನ ಕೋಟೆಯನ್ನು ಹಿಡಿದ. ಪ್ರತೀಕಾರದಲ್ಲಿ ಸತ್ತ ಸಿಪಾಯಿಗಳು ನೂರಾರು. 1857ಕ್ಕೆ ಐವತ್ತೊಂದು ವರ್ಷ ಮೊದಲೇ ನಡೆದ ಈ ಘಟನೆ ನಮ್ಮ ನೆನಪಿನಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನವನ್ನು ಇನ್ನೂ ಪಡೆದಿಲ್ಲ.

ಕಂಪನಿಯ ಡೈರೆಕ್ಟರುಗಳು 1807ರಲ್ಲಿ ಕ್ರಾಡಕ್‌ನನ್ನೂ ಬೆಂಟಿಂಕನನ್ನೂ ಹಿಂದಕ್ಕೆ ಕರೆಸಿಕೊಂಡರು. ವಿಶೇಷವೆಂದರೆ ಆ ವರ್ಷ ಬೆಂಟಿಂಕನ ತಂದೆಯೇ ಇಂಗ್ಲೆಂಡಿನ ಪ್ರಧಾನಮಂತ್ರಿ. ಆದರೂ ಮಗನ ಹುದ್ದೆ ಉಳಿಯಲಿಲ್ಲ. ಆ ಅವಮಾನವನ್ನು ಬೆಂಟಿಂಕ್ ಮರೆಯಲಿಲ್ಲ. ತನ್ನದಲ್ಲದ ತಪ್ಪಿಗೆ, ಸಮುದ್ರದಾಚೆ ಕುಳಿತವರು ಆತುರದ ತೀರ್ಪು ಕೊಟ್ಟರೆಂಬುದು ಅವನ ಅಳಲು. ಡೈರೆಕ್ಟರುಗಳಿಗೆ ಒಂದು ದೀರ್ಘ ಮನವಿಯನ್ನು ಬರೆದು 1810ರಲ್ಲಿ ಅಚ್ಚು ಹಾಕಿಸಿದ. ಮುಂದೆ 1819ರಲ್ಲಿ ಮತ್ತೆ ಮದರಾಸಿಗೆ ಹೋಗುವ ಅವಕಾಶ ಬಂದಾಗ ಒಲ್ಲೆನೆಂದ. ಕೊನೆಗೆ 1827ರಲ್ಲಿ ಗವರ್ನರ್ ಜನರಲ್ ಹುದ್ದೆಯೇ ಒದಗಿಬಂತು. ಕಳೆದುಹೋದ ಮಾನ ಇಪ್ಪತ್ತು ವರ್ಷಗಳ ಮೇಲೆ ಹಿಂದಿರುಗಿತು. ವೆಲ್ಲೂರಿನ ಈ ಗಾಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಮೈಸೂರಿನ ಸಂದರ್ಭದಲ್ಲಿ ಮತ್ತೆ ಎದುರಾಗುತ್ತದೆ.

ನಡುವಿನ ವರ್ಷಗಳ ಒಂದು ಪ್ರಸಂಗವನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದೇ ಇಲ್ಲ. 1811ರಲ್ಲಿ ಬೆಂಟಿಂಕ್ ಸಿಸಿಲಿ ದ್ವೀಪದಲ್ಲಿದ್ದ ಬ್ರಿಟಿಷ್ ಸೈನ್ಯದ ದಂಡನಾಯಕನಾಗಿಯೂ ಅಲ್ಲಿನ ರಾಜನ ಆಸ್ಥಾನಕ್ಕೆ ರಾಯಭಾರಿಯಾಗಿಯೂ ಹೋದ. ಅಲ್ಲಿ ನಿರಂಕುಶ ರಾಜ ಫರ್ಡಿನೆಂಡನ ಕೈ ಕಟ್ಟಿ, 1812ರಲ್ಲಿ ಬ್ರಿಟಿಷ್ ಮಾದರಿಯ ಒಂದು ಸಂವಿಧಾನವನ್ನು ತರಿಸಿದ. ವಿರೋಧಿಸಿದ ರಾಣಿ ಮರಿಯಾ ಕೆರೊಲಿನಾ ದ್ವೀಪವನ್ನೇ ಬಿಟ್ಟು ಹೋಗಬೇಕಾಯಿತು. ಈಕೆ ಫ್ರಾನ್ಸಿನಲ್ಲಿ ತಲೆ ಕಳೆದುಕೊಂಡ ಮೇರಿ ಆಂಟೋನೆಟ್‌ಳ ಅಕ್ಕ. 1814ರಲ್ಲಿ ಸೈನ್ಯದೊಡನೆ ಇಟಲಿಯ ನೆಲಕ್ಕಿಳಿದ ಬೆಂಟಿಂಕ್, ಇಟಾಲಿಯನ್ನರೇ ಸ್ವತಂತ್ರರಾಗಿ ಎಂದು ಘೋಷಣೆ ಹೊರಡಿಸಿ, ಜಿನೋವಾ ನಗರವನ್ನು ಗೆದ್ದು ಅದರ ಹಳೆಯ ಗಣರಾಜ್ಯವನ್ನು ಮರಳಿ ಸ್ಥಾಪಿಸಿದ. ಲಂಡನ್ನಿನ ವಿದೇಶಾಂಗ ಮಂತ್ರಿ ಕಾಸಲ್‌ರೇಗೆ ಇದು ಸುತರಾಂ ಹಿಡಿಸಲಿಲ್ಲ. ವಿಯೆನ್ನಾದ ಒಪ್ಪಂದದಲ್ಲಿ ಜಿನೋವಾವನ್ನು ಸಾರ್ಡೀನಿಯಾದ ರಾಜನಿಗೆ ಕೊಟ್ಟರು. ಸಿಸಿಲಿಯ ಸಂವಿಧಾನವನ್ನು 1816ರಲ್ಲಿ ಫರ್ಡಿನೆಂಡ್ ಮಡಿಚಿಟ್ಟ.

ಇಟಲಿಯಲ್ಲಿ ಜನರಿಗೆ ಸಂವಿಧಾನ ಕೊಡಲು ಹೊರಟ ದಂಡನಾಯಕನೇ ಭಾರತದಲ್ಲಿ ರಾಜ್ಯಗಳನ್ನು ಕೈಗೆತ್ತಿಕೊಂಡದ್ದು ವಿರೋಧಾಭಾಸವಲ್ಲವೆ ಎಂದು ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡರಲ್ಲಿಯೂ ಇರುವುದು ಒಂದೇ ವಿಶ್ವಾಸ: ಈ ಜನರಿಗೆ ಯಾವುದು ಒಳ್ಳೆಯದೆಂದು ನನಗೆ ಗೊತ್ತು, ಇವರ ರಾಜ ಅದಕ್ಕೆ ಅಡ್ಡಿ. ಬೆಂಟಿಂಕನ ಮುಖ್ಯ ಜೀವನಚರಿತ್ರೆಯನ್ನು 1974ರಲ್ಲಿ ಪ್ರಕಟಿಸಿದ ಜಾನ್ ರೊಸೆಲ್ಲಿ ಅವನನ್ನು ಉದಾರವಾದಿ ಸಾಮ್ರಾಜ್ಯಶಾಹಿಯೆಂದು ಕರೆದದ್ದು ಇದೇ ಕಾರಣಕ್ಕಿರಬೇಕು. ಆ ಎರಡು ಮಾತುಗಳು ಒಬ್ಬನೇ ಮನುಷ್ಯನಲ್ಲಿ ಜಗಳವಾಡದೆ ಇರಬಲ್ಲವು.

ಕಲ್ಕತ್ತೆಯ ಏಳು ವರ್ಷಗಳ ಸಾಧನೆ ಎಲ್ಲರಿಗೂ ತಿಳಿದದ್ದೇ. ಬೇಗ ಹೇಳಿ ಮುಗಿಸುತ್ತೇನೆ. ಬರ್ಮಾ ಯುದ್ಧದಿಂದ ಬರಿದಾಗಿದ್ದ ಬೊಕ್ಕಸವನ್ನು ಸರಿಪಡಿಸಲು ಸೈನ್ಯಾಧಿಕಾರಿಗಳ ಭತ್ಯೆಗೆ ಕತ್ತರಿ ಹಾಕಿ ಅವರ ಶಾಪಕ್ಕೆ ಗುರಿಯಾದ. 1829ರ ಡಿಸೆಂಬರ್ 4ರಂದು ಸತಿಯನ್ನು ಅಪರಾಧವೆಂದು ಸಾರಿದ. ಆ ಪದ್ಧತಿಯ ವಿರುದ್ಧ ಜೀವಮಾನವಿಡೀ ಹೋರಾಡಿದ ರಾಜಾರಾಮಮೋಹನ ರಾಯರೇ ಒಮ್ಮೆಲೇ ಕಾನೂನು ಬೇಡ, ನಿಧಾನವಾಗಿ ತಡೆಯೋಣವೆಂದು ಸಲಹೆ ಕೊಟ್ಟಿದ್ದರೂ ಬೆಂಟಿಂಕ್ ಹಿಂಜರಿಯಲಿಲ್ಲ. ಇದು ಅವನ ಜೀವನದ ಅತ್ಯಂತ ದೊಡ್ಡ ಕೆಲಸ. ಅದರ ಬಗ್ಗೆ ನನಗೆ ಅರೆಮನಸ್ಸಿಲ್ಲ. ಭಾರತ ಬಿಡುವ ಕೆಲವೇ ದಿನಗಳ ಮೊದಲು, 1835ರ ಮಾರ್ಚ್ 7ರಂದು, ಮೆಕಾಲೆಯ ಟಿಪ್ಪಣಿಯನ್ನು ಒಪ್ಪಿ ಇಂಗ್ಲಿಷ್ ಶಿಕ್ಷಣಕ್ಕೆ ಸರ್ಕಾರದ ಹಣವನ್ನು ತಿರುಗಿಸಿದ. ಆ ಮೆಕಾಲೆ ಗವರ್ನರ್ ಜನರಲನನ್ನು ಮೊದಲು ಕಂಡದ್ದು 1834ರಲ್ಲಿ ಊಟಿಯಲ್ಲಿ; ಮದರಾಸಿನಲ್ಲಿ ಇಳಿದು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ದಾಟಿ ಬೆಟ್ಟ ಏರಿದ್ದ. ನಮ್ಮೆಲ್ಲರ ಬದುಕನ್ನು ಬದಲಿಸಿದ ಆ ಟಿಪ್ಪಣಿಯ ಕರ್ತೃ ಕಂಡ ಮೊದಲ ಭಾರತದಲ್ಲಿ ಹಳೆಯ ಮೈಸೂರಿನ ದಾರಿಯೂ ಸೇರಿತ್ತೆಂಬುದು ಒಂದು ಕುತೂಹಲ.

ಬೆಂಟಿಂಕನ ಹೆಸರಿಗೆ ಎರಡು ಕಟ್ಟುಕಥೆಗಳೂ ಅಂಟಿಕೊಂಡಿವೆ. ತಾಜಮಹಲನ್ನು ಒಡೆದು ಅಮೃತಶಿಲೆಯನ್ನು ಮಾರಲು ಹೊರಟಿದ್ದನೆಂಬುದು ಒಂದು. ಆಗ್ರಾ ಕೋಟೆಯಲ್ಲಿ ಬಿದ್ದಿದ್ದ ಕಲ್ಲುಗಳ ಹರಾಜಿನಿಂದ ಹುಟ್ಟಿದ ಗಾಳಿಮಾತು ಅದು. ಮಾರ್ಕ್ಸ್ ತನ್ನ ಮಹಾಗ್ರಂಥದಲ್ಲಿ ಗವರ್ನರ್ ಜನರಲನದೆಂದು ಉದ್ಧರಿಸಿದ, ನೇಕಾರರ ಎಲುಬುಗಳ ಕುರಿತಾದ ಪ್ರಸಿದ್ಧ ಮಾತು ಇನ್ನೊಂದು. ಅದರ ಮೂಲವನ್ನು ಹುಡುಕಿಕೊಂಡು ಹೋದ ವಿದ್ವಾಂಸರು ಬೆಂಟಿಂಕನ ಕಾಗದಗಳಿಂದ ಬರಿಗೈಯಲ್ಲಿ ಮರಳಿದ್ದಾರೆ. ಮಾಡದ ಪಾಪ ಒಂದು, ಆಡದ ಒಳ್ಳೆಯ ಮಾತು ಒಂದು.

ಇನ್ನು ನಮ್ಮ ಕಥೆ. 1799ರಲ್ಲಿ ಟೀಪೂ ಬಿದ್ದ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಯಲ್ಲಿ ಕೂರಿಸಿ ಕಂಪನಿ ಮಾಡಿಕೊಂಡ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳನ್ನು, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು ಪೊಗದಿಯಾಗಿ ಕೊಡಬೇಕಿತ್ತು. ಈ ಹಣ ನಿಂತುಹೋಗುವ ಭಯವಿದ್ದರೆ, ಅದನ್ನು ಭದ್ರಪಡಿಸಲು ಬೇಕಾಗುವಷ್ಟು ಭಾಗದ ಆಡಳಿತವನ್ನು ಕಂಪನಿ ವಹಿಸಿಕೊಳ್ಳಬಹುದೆಂಬ ಷರತ್ತು ಅದರಲ್ಲಿತ್ತು. ದಿವಾನ್ ಪೂರ್ಣಯ್ಯನವರ ಕಾಲ ಮುಗಿದು 1811ರಲ್ಲಿ ಹದಿಹರೆಯದ ಅರಸರ ಕೈಗೆ ಆಡಳಿತ ಬಂತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಬೊಕ್ಕಸ ಕರಗಿತು, ಸಾಲ ಬೆಳೆಯಿತು. ಕಂದಾಯ ವಸೂಲಿಗೆ ‘ಶರತ್ತು’ ಎಂಬ ಪದ್ಧತಿ ಬಳಕೆಯಲ್ಲಿತ್ತು: ಅಮಲ್ದಾರ ಇಂತಿಷ್ಟು ಹಣ ತಂದುಕೊಡುತ್ತೇನೆಂದು ಕರಾರು ಬರೆದುಕೊಡಬೇಕು, ಕಡಿಮೆಯಾದರೆ ಕೈಯಿಂದ ತುಂಬಬೇಕು. ಆ ಕೈಗೆ ಹಣ ಎಲ್ಲಿಂದ ಬರಬೇಕು? ರೈತನ ಕಣಜದಿಂದ. 1830ರಲ್ಲಿ ನಗರ ಸೀಮೆಯ ರೈತರು ಕೂಟಗಳನ್ನು ಕಟ್ಟಿ ಕಂದಾಯ ಕೊಡುವುದಿಲ್ಲವೆಂದು ಸೆಟೆದು ನಿಂತರು. ತಾನು ಕೆಳದಿ ಅರಸರ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ ಅವರ ಮುಂದಾಳಾದ; ತರೀಕೆರೆಯ ಪಾಳೆಯಗಾರರೂ ಎದ್ದರು. ಕಂಪನಿಯ ಸೈನ್ಯದ ನೆರವಿನಿಂದ 1831ರಲ್ಲಿ ದಂಗೆಯ ಬೆನ್ನು ಮುರಿಯಿತು.

ಸೈನ್ಯ ಬಂದ ಮೇಲೆ ವರದಿಗಳು ಹೋದವು. ಮದರಾಸಿನ ಸರ್ಕಾರದಿಂದ ಬಂದ ಕಾಗದಗಳಲ್ಲಿ ಮೈಸೂರು ದುರಾಡಳಿತದ ಕೂಪವಾಗಿತ್ತು. ಆ ವರ್ಷ ಬೆಂಟಿಂಕ್ ಉತ್ತರ ಭಾರತದ ದೀರ್ಘ ಪ್ರವಾಸದಲ್ಲಿದ್ದ. ಮೈಸೂರನ್ನು ಅವನು ನೋಡಲಿಲ್ಲ, ಅರಸರ ಮಾತನ್ನು ಕೇಳಲಿಲ್ಲ. 1831ರ ಸೆಪ್ಟೆಂಬರ್ 7ರಂದು ಅರಸರಿಗೆ ಪತ್ರ ಬರೆದು, ಇಡೀ ರಾಜ್ಯದ ಆಡಳಿತವನ್ನು ಕಂಪನಿ ವಹಿಸಿಕೊಳ್ಳುವುದೆಂದು ತಿಳಿಸಿದ. ಅಕ್ಟೋಬರ್ 19ರಂದು ಅಧಿಕಾರ ಕೈ ಬದಲಾಯಿಸಿತು. ಅದೇ ತಿಂಗಳು ಸಟ್ಲೆಜ್ ದಂಡೆಯ ರೋಪರ್‌ನಲ್ಲಿ ಬೆಂಟಿಂಕ್ ಪಂಜಾಬಿನ ರಣಜಿತ್ ಸಿಂಗನೊಡನೆ ರಾಜೋಚಿತ ಸಮಾರಂಭಗಳಲ್ಲಿ ಮಗ್ನನಾಗಿದ್ದ. ಉತ್ತರದ ಬಲಾಢ್ಯ ದೊರೆಗೆ ಉಡುಗೊರೆ, ದಕ್ಷಿಣದ ದುರ್ಬಲ ದೊರೆಗೆ ನೋಟೀಸು.

ವಿಚಾರಣೆಯ ಸಮಿತಿ ನೇಮಕವಾದದ್ದು ಇದೆಲ್ಲ ಆದ ಮೇಲೆ, ಡಿಸೆಂಬರಿನಲ್ಲಿ. ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರು ಅದರ ಸದಸ್ಯರು. ಮೊದಲು ಶಿಕ್ಷೆ, ಆಮೇಲೆ ವಿಚಾರಣೆ. ತನ್ನನ್ನು ದೂರದಲ್ಲಿ ಕುಳಿತವರು ಆತುರದಲ್ಲಿ ತೆಗೆದುಹಾಕಿದರೆಂದು ಮನವಿ ಬರೆದು ಅಚ್ಚು ಹಾಕಿಸಿದ್ದ ಮನುಷ್ಯನೇ ಇಪ್ಪತ್ತನಾಲ್ಕು ವರ್ಷಗಳ ನಂತರ ಇನ್ನೊಬ್ಬರಿಗೆ ಅದನ್ನೇ ಮಾಡಿದ. ಪೆಟ್ಟು ತಿಂದವರು ಪೆಟ್ಟು ಕೊಡುವಾಗ ಹೆಚ್ಚು ಎಚ್ಚರದಿಂದಿರುತ್ತಾರೆ ಎಂಬ ನಂಬಿಕೆ ನನಗೆ ಇದನ್ನು ಓದಿದ ಮೇಲೆ ಉಳಿದಿಲ್ಲ.

ಸಮಿತಿಯ ವರದಿ 1833ರ ಡಿಸೆಂಬರಿನಲ್ಲಿ ಬಂತು. ದುರಾಡಳಿತ ಇದ್ದದ್ದು ನಿಜ. ಆದರೆ ಬಂದ ಸುದ್ದಿಯಷ್ಟು ಅದು ಘೋರವಾಗಿರಲಿಲ್ಲ, ದಂಗೆಗೆ ಬೇರೆ ಕಾರಣಗಳೂ ಇದ್ದವು. ಮುಂದಿನ ವರ್ಷ ದಕ್ಷಿಣಕ್ಕೆ ಬಂದ ಬೆಂಟಿಂಕ್ ಅರಸರನ್ನು ಮುಖಾಮುಖಿ ಕಂಡ, ಬುದ್ಧಿವಂತರೆಂದು ಮೆಚ್ಚಿದ. ಆಮೇಲೆ ಅವನು ಮಾಡಿದ್ದು ಅಧಿಕಾರಸ್ಥರಲ್ಲಿ ಅಪರೂಪ. 1834ರಲ್ಲಿ ಲಂಡನ್ನಿಗೆ ಬರೆದ ಕಾಗದದಲ್ಲಿ ತನ್ನ ಆಜ್ಞೆ ಒಪ್ಪಂದಕ್ಕೆ ಸರಿಹೊಂದುವುದೇ ಎಂದು ತಾನೇ ಸಂಶಯ ವ್ಯಕ್ತಪಡಿಸಿದ. ಪೊಗದಿಯ ಹಣ ನಿಂತುಹೋಗುವ ಸ್ಥಿತಿಯಲ್ಲಿರಲಿಲ್ಲ. ಒಂದು ಭಾಗವನ್ನು ತೆಗೆದುಕೊಂಡಿದ್ದರೆ ಸಾಕಾಗಿದ್ದಾಗ ಇಡೀ ರಾಜ್ಯವನ್ನೇ ತೆಗೆದುಕೊಳ್ಳಲಾಗಿದೆ ಎಂಬುದು ಅದರ ಸಾರಾಂಶ. ರಾಜ್ಯದ ಒಂದು ಪಾಲನ್ನು ಅರಸರಿಗೆ ಹಿಂದಿರುಗಿಸೋಣವೆಂದು ಸಲಹೆಯನ್ನೂ ಕೊಟ್ಟ. ತನ್ನ ಭಾರತದ ಆಡಳಿತದಲ್ಲಿ ದುಃಖದಿಂದ ನೆನೆಯುವ ಕೆಲಸ ಇದೊಂದೇ ಎಂದು ಮುಂದೆ ಆಪ್ತರಲ್ಲಿ ಹೇಳಿಕೊಂಡನೆಂದೂ ದಾಖಲೆಯಿದೆ.

ಲಂಡನ್ ಒಪ್ಪಲಿಲ್ಲ. ಆಡಳಿತ ಭದ್ರವಾಗಿ ಸುಧಾರಿಸುವವರೆಗೆ ಈಗಿರುವಂತೆಯೇ ಇರಲಿ ಎಂದಿತು. ಆಡಳಿತ ಸುಧಾರಿಸಿತೇ ಇಲ್ಲವೇ ಎಂದು ತೀರ್ಮಾನಿಸಬೇಕಾದವರು ಆಡಳಿತವನ್ನು ಕೈಯಲ್ಲಿಟ್ಟುಕೊಂಡವರೇ ಆಗಿದ್ದರಿಂದ ಆ ದಿನ ಬರಲೇ ಇಲ್ಲ. ತಪ್ಪು ಮಾಡಲು ಗವರ್ನರ್ ಜನರಲನ ಒಂದು ಸಹಿ ಸಾಕಾಗಿತ್ತು; ಅದನ್ನು ತಿದ್ದಲು ಅದೇ ಗವರ್ನರ್ ಜನರಲನ ಸಹಿ ಸಾಲದೆ ಹೋಯಿತು. ನನ್ನನ್ನು ಈ ಕಥೆಯಲ್ಲಿ ಕಾಡುವುದು ಇದೇ.

ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದು ರಸ್ತೆಗಳನ್ನು ಮಾಡಿಸಿದ, ಲೆಕ್ಕಪತ್ರಗಳನ್ನು ನೇರ್ಪುಗೊಳಿಸಿದ, ಕಾಟ ಕೊಡುತ್ತಿದ್ದ ಅನೇಕ ಸಣ್ಣಪುಟ್ಟ ತೆರಿಗೆಗಳನ್ನು ತೆಗೆದ. ಇದನ್ನು ಅಲ್ಲಗಳೆಯುವುದು ಕೃತಘ್ನತೆ. ಶರತ್ತಿನಡಿ ನಲುಗಿದ ನಗರದ ರೈತನಿಗೆ ಅರಸರ ಅಧಿಕಾರ ಹೋದದ್ದರಿಂದ ದುಃಖವಾಯಿತೆಂದು ನಾನು ಹೇಳಲಾರೆ. ಅವನ ನೋವು ನಿಜವಾದದ್ದು, ಅದಕ್ಕೆ ಅರಸರು ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಆ ರೈತನನ್ನೂ ಯಾರೂ ಕೇಳಲಿಲ್ಲ. ಅವನ ಕೂಟಗಳನ್ನು ಚದುರಿಸಿದ್ದು ಕಂಪನಿಯ ಬಂದೂಕುಗಳೇ. ಆಮೇಲೆ ಅವನ ಹೆಸರಿನಲ್ಲಿಯೇ ರಾಜ್ಯ ಕೈ ಬದಲಾಯಿಸಿತು.

ಕೊಡಗಿನ ವಿಷಯದಲ್ಲಿ ಬೆಂಟಿಂಕನಿಗೆ ಇಂಥ ಪಶ್ಚಾತ್ತಾಪವೂ ಇರಲಿಲ್ಲ. 1834ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಹಲವು ದಿಕ್ಕುಗಳಿಂದ ನುಗ್ಗಿ ಮಡಿಕೇರಿ ಹಿಡಿಯಿತು. ಮೇ 7ರಂದು, ಇದು ಜನರೆಲ್ಲರ ಬಯಕೆಯೆಂಬ ಘೋಷಣೆಯೊಂದಿಗೆ ಕೊಡಗು ಕಂಪನಿಗೆ ಸೇರಿತು. ಚಿಕ್ಕವೀರರಾಜೇಂದ್ರನ ಕ್ರೌರ್ಯ ಮತ್ತು ಪತನವನ್ನು ಮಾಸ್ತಿಯವರ ಕಾದಂಬರಿಯ ಮೂಲಕ ಬಲ್ಲ ನಮಗೆ ಆ ಘೋಷಣೆಯಲ್ಲಿ ಅರೆಪಾಲು ಸತ್ಯ ಕಾಣಬಹುದು. ಆದರೆ ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದ ಸುಳ್ಯ, ಪುತ್ತೂರುಗಳ ರೈತರು, ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಿ ಎಂದಾಗ ಏನು ಮಾಡಿದರು? 1837ರಲ್ಲಿ ಮಂಗಳೂರಿನವರೆಗೆ ಏರಿಹೋದರು. ಜನರೆಲ್ಲರ ಬಯಕೆ ಮೂರೇ ವರ್ಷಗಳಲ್ಲಿ ಬದಲಾಗಿತ್ತೆಂದು ತಿಳಿಯಬೇಕೋ ಏನೋ.

ಇಷ್ಟು ಹಳೆಯ ಕಥೆಯನ್ನು ಈಗ ಏಕೆ ತೆಗೆದೆನೆಂದರೆ, ಇದನ್ನು ಓದುವಾಗ ನನ್ನ ಮನಸ್ಸಿಗೆ ಮತ್ತೆ ಮತ್ತೆ ಬಂದದ್ದು 1989ರ ಏಪ್ರಿಲ್. ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳನ್ನು ಆಧರಿಸಿ ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಮರುದಿನವೇ ಅವರಲ್ಲಿ ಏಳು ಮಂದಿ ತಮ್ಮ ಮಾತನ್ನು ಬದಲಿಸಿದರು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ವಿಧಾನಸಭೆಯಲ್ಲಿಯೇ ಬಹುಮತ ತೋರಿಸುತ್ತೇನೆಂದು ಕೇಳಿಕೊಂಡರು. ಅದಕ್ಕೆ ಅವಕಾಶವಾಗಲಿಲ್ಲ, ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾ ಸಂವಿಧಾನಬಾಹಿರವೆಂದು, ಬಹುಮತದ ಪರೀಕ್ಷೆ ಸದನದಲ್ಲಿಯೇ ನಡೆಯಬೇಕೆಂದು ಹೇಳಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಚುನಾವಣೆ ನಡೆದು ಬೇರೆ ಸರ್ಕಾರ ಬಂದು ನಾಲ್ಕು ವರ್ಷಗಳೇ ಆಗಿದ್ದವು. ಹಿಂದಿರುಗಿಸಲು ಏನೂ ಉಳಿದಿರಲಿಲ್ಲ.

ಸಾಮ್ರಾಜ್ಯಕ್ಕೂ ಗಣರಾಜ್ಯಕ್ಕೂ ಇರುವ ಅಂತರ ನನಗೆ ಗೊತ್ತು. ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಯಾರೂ ಮತ ಹಾಕಿ ಆರಿಸಿರಲಿಲ್ಲ, ಅವರಿಗೆ ಹೋಗಲು ನ್ಯಾಯಾಲಯವೂ ಇರಲಿಲ್ಲ. ಬೊಮ್ಮಾಯಿ ಪ್ರಕರಣದ ತೀರ್ಪು ಅಂದಿನಿಂದ ದೇಶದ ಅನೇಕ ಸರ್ಕಾರಗಳಿಗೆ ರಕ್ಷಣೆಯಾಗಿದೆ; 356ನೇ ವಿಧಿಯ ಸಲೀಸಾದ ಬಳಕೆ ಆ ಮೇಲೆ ಕಡಿಮೆಯಾಗಿದೆ. ಅದು ಕನ್ನಡ ನಾಡಿನ ಒಂದು ಅನ್ಯಾಯದಿಂದ ಹುಟ್ಟಿದ ರಕ್ಷಣೆಯೆಂದು ನಾವು ಹೆಮ್ಮೆಪಡಬಹುದು. ಆದರೆ ಮೊದಲು ಕೈಗೆತ್ತಿಕೊಳ್ಳುವುದು, ಆಮೇಲೆ ವಿಚಾರಿಸುವುದು, ತಪ್ಪೆಂದು ತಿಳಿದಾಗ ಕಾಲ ಮೀರಿತ್ತೆನ್ನುವುದು, ಈ ಅಭ್ಯಾಸ ರಾಜ್ಯಮಟ್ಟದಲ್ಲಿ ಸಡಿಲವಾದರೂ ಕೆಳಗಿನ ಮಟ್ಟಗಳಲ್ಲಿ ಚೆನ್ನಾಗಿಯೇ ಬದುಕಿದೆ. 2020ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದಾಗ ಅದನ್ನೂ ತಾತ್ಕಾಲಿಕ ವ್ಯವಸ್ಥೆಯೆಂದೇ ಹೇಳಲಾಗಿತ್ತು. 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾಗುವವರೆಗೂ ಅಲ್ಲಿ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳಿದ್ದರೇನು, ರಸ್ತೆಗೆ ಡಾಂಬರು ಬಿದ್ದರಾಯಿತು ಎಂದು ನನ್ನ ನೆರೆಹೊರೆಯ ವಿದ್ಯಾವಂತರು ಹೇಳುವುದನ್ನು ಕೇಳಿದ್ದೇನೆ. ಕಬ್ಬನ್ ಕಾಲದಲ್ಲಿಯೂ ರಸ್ತೆಗಳು ಚೆನ್ನಾಗಿದ್ದವು.

ಬೆಂಟಿಂಕನನ್ನು ಖಳನಾಯಕನೆಂದು ಚಿತ್ರಿಸುವುದು ನನ್ನ ಉದ್ದೇಶವಲ್ಲ. ತಪ್ಪನ್ನು ಕಾಗದದ ಮೇಲೆ ಒಪ್ಪಿಕೊಂಡ ಗವರ್ನರ್ ಜನರಲರು ಬಹಳ ಮಂದಿ ಇಲ್ಲ. ಊರಿಗೆ ಮರಳಿದ ಮೇಲೆ ಶ್ರೀಮಂತ ಪದವಿಯನ್ನು ನಿರಾಕರಿಸಿ, ಗ್ಲಾಸ್ಗೋ ನಗರದಿಂದ ಕಾಮನ್ಸ್ ಸಭೆಗೆ ಆರಿಸಿಬಂದ. ಪ್ರತಿಷ್ಠೆಯ ಮೇಲ್ಮನೆಗಿಂತ ಜನ ಆರಿಸಿದ ಸಭೆಯೇ ಅವನಿಗೆ ಬೇಕಾಗಿತ್ತು. 1839ರ ಜೂನ್ 17ರಂದು ಪ್ಯಾರಿಸಿನಲ್ಲಿ ತೀರಿಕೊಂಡ. ಕಲ್ಕತ್ತೆಯಲ್ಲಿ ವೆಸ್ಟ್‌ಮಕಾಟ್ ಕಡೆದ ಅವನ ಪ್ರತಿಮೆ ನಿಂತಿತು. ಅದರ ಪೀಠದಲ್ಲಿ ಸತಿಯ ದೃಶ್ಯವೊಂದಿದೆ, ಕೆಳಗಿನ ಪ್ರಶಸ್ತಿಯ ಮಾತುಗಳು ಮೆಕಾಲೆಯವು. ಮೈಸೂರಿನ ಬಗ್ಗೆ ಅದರಲ್ಲಿ ಸಹಜವಾಗಿಯೇ ಏನೂ ಇಲ್ಲ.

ಇತ್ತ ಮೈಸೂರಿನ ಅರಮನೆಯಲ್ಲಿ ಅಧಿಕಾರವಿಲ್ಲದ ಅರಸರು ವಿದ್ವಾಂಸರಿಗೂ ಕಲಾವಿದರಿಗೂ ಆಶ್ರಯ ಕೊಡುತ್ತ, ನಡುನಡುವೆ ಕಲ್ಕತ್ತೆಗೂ ಲಂಡನ್ನಿಗೂ ಮನವಿ ಕಳಿಸುತ್ತ ಕಾಲ ನೂಕಿದರು. ಡಾಲ್‌ಹೌಸಿಯ ಕಾಲದಲ್ಲಿ ಅವರ ನಂತರ ರಾಜ್ಯವನ್ನೇ ನುಂಗುವ ಯೋಚನೆಯೂ ಸಾಗಿತ್ತು. 1865ರಲ್ಲಿ ದತ್ತು ತೆಗೆದುಕೊಂಡ ಮಗುವಿನ ಹಕ್ಕನ್ನು ಲಂಡನ್ ಮಾನ್ಯ ಮಾಡಿದ್ದು 1867ರಲ್ಲಿ; ಮರುವರ್ಷ ಮಾರ್ಚ್ 27ರಂದು ಅವರು ತೀರಿಕೊಂಡರು. ಮೈಸೂರಿನ ಆಡಳಿತ ಒಡೆಯರ ಮನೆತನಕ್ಕೆ ಮರಳಿದ್ದು 1881ರ ಮಾರ್ಚ್ 25ರಂದು. ಹಿಂದಿರುಗಿಸಿ ಎಂದು ಕಾಗದ ಬರೆದವನು ಸತ್ತು ಆಗ ನಲವತ್ತೆರಡು ವರ್ಷವಾಗಿತ್ತು. ಯಾರಿಗೆ ಹಿಂದಿರುಗಿಸಬೇಕಿತ್ತೋ ಅವರು ಸತ್ತು ಹದಿಮೂರು ವರ್ಷ.